ಸುಟ್ಟುಹೋದ ಊರನ್ನು ನೋಡಲು ಹೋಗುವದು

ಮನುಷ್ಯರು ದೇಶಸಂಚಾರ ಮಾಡುವದು ಸಾಮಾನ್ಯವಾಗಿ ಕಣ್ಣಿಗೆ ಹಿತವಾದದ್ದನ್ನು ನೋಡುವದಕ್ಕೋಸ್ಕರವೇ. ಬೆಟ್ಟವನ್ನೂ ಜಲಪಾತವನ್ನೂ ಅರಮನೆಯನ್ನೂ ನೋಡಿ ಬಂದವನು ಮನೆಯವರ ಮುಂದೆ ಅದನ್ನು ವರ್ಣಿಸಿ ಸಂತೋಷಪಡುತ್ತಾನೆ, ಕೇಳುವವರೂ ಸಂತೋಷಪಡುತ್ತಾರೆ. ಅದರಲ್ಲಿ ದೋಷವೇನೂ ಇಲ್ಲ. ಆದರೆ ಯುದ್ಧಕಾಲದಲ್ಲಿ ಜನರನ್ನು ಕೊಂದ ಸ್ಥಳಗಳನ್ನು ಸಹ ಕಾದಿರಿಸಿ, ಸುತ್ತಲೂ ಗೋಡೆ ಕಟ್ಟಿ, ಬಾಗಲಿಟ್ಟು, ದೂರದಿಂದ ಬರುವವರಿಗೆ ತೋರಿಸುವ ಪದ್ಧತಿಯು ಕಳೆದ ನೂರು ವರುಷಗಳಲ್ಲಿ ಅನೇಕ ದೇಶಗಳಲ್ಲಿ ಹಬ್ಬಿದೆ. ಇಂಥ ಸ್ಥಳಕ್ಕೆ ಪ್ರಯಾಣಿಕನಾಗಿ ಹೋಗುವದು ಯೋಗ್ಯವೋ? ಪರರ ಸಂಕಟವನ್ನು ನೋಡಲಿಕ್ಕೆ ಬುತ್ತಿ ಕಟ್ಟಿಕೊಂಡು ಹೊರಡುವವನ ಮನಸ್ಸು ಎಂಥದು? ಹೋದವನು ಅಲ್ಲಿ ಮಾಡತಕ್ಕದ್ದೇನು? ಪ್ರಿಯ ವಾಚಕರೇ, ಈ ಪ್ರಶ್ನೆಗಳನ್ನು ಒಂದು ಊರಿನ ಸಂಗತಿಯನ್ನು ಮುಂದಿಟ್ಟುಕೊಂಡು ವಿಚಾರಿಸೋಣ. ಆ ಊರು ದೊಡ್ಡದಲ್ಲ. ನಮ್ಮಲ್ಲಿ ಅನೇಕರು ಹುಟ್ಟಿ ಬೆಳೆದಂಥ ಊರುಗಳ ಹಾಗಿನ ಒಂದು ಊರು.

ಫ್ರಾನ್ಸ್ ದೇಶದ ಲಿಮೋಜ್ ಪಟ್ಟಣದಿಂದ ಸುಮಾರು 20 ಕಿಲೋಮೀಟರ್ ದೂರದಲ್ಲಿ, ಗ್ಲಾನ್ ಎಂಬ ಚಿಕ್ಕ ಹೊಳೆಯ ಬಳಿಯಲ್ಲಿ, ಒರಾದೂರ್ ಎಂಬದಿತ್ತು. ರೊಟ್ಟಿ ಸುಡುವವರು, ಬಡಗಿಗಳು, ಕಮ್ಮಾರರು, ಹೊಲಿಗೆಯವರು, ವೈದ್ಯರು, ಮಕ್ಕಳ ಶಾಲೆಗಳು, ಒಂದು ಪುರಾತನ ದೇವಾಲಯ, ಲಿಮೋಜಿನಿಂದ ಬಂದು ಹೋಗುವ ಟ್ರಾಮ್ ಗಾಡಿ, ಇಷ್ಟೇ ಅದರ ವೈಭವ. 1940ರಲ್ಲಿ ಜರ್ಮನರು ಫ್ರಾನ್ಸನ್ನು ಸೋಲಿಸಿದ ಮೇಲೆಯೂ ಈ ಊರಿನಲ್ಲಿ ಕಾಳಗವೇನೂ ನಡೆಯಲಿಲ್ಲ. ಆದದರಿಂದ ತಮ್ಮ ಸೀಮೆಯಿಂದ ಅಟ್ಟಲ್ಪಟ್ಟ ಲೊರೇನಿನವರು, ಅಂತರ್ಯುದ್ಧದಿಂದ ಓಡಿಬಂದ ಸ್ಪೇನ್ ದೇಶದವರು, ಪ್ರಾಣಭಯದಲ್ಲಿದ್ದ ಯೆಹೂದ್ಯರು, ಹೀಗೆ ನಾನಾ ಕಡೆಯವರು ಇದೇ ನೆಮ್ಮದಿಯ ಮೂಲೆಯೆಂದು ನಂಬಿ ಅಲ್ಲಿ ಆಶ್ರಯ ಪಡೆದಿದ್ದರು.

1944ನೇ ಇಸವಿ ಜೂನ್ 6ನೇ ತಾರೀಖು ಮಿತ್ರರಾಷ್ಟ್ರಗಳ ಸೈನ್ಯವು ನಾರ್ಮಂಡಿ ಕರಾವಳಿಯಲ್ಲಿ ಇಳಿಯಿತು. ಆಗ ಫ್ರಾನ್ಸಿನ ದಕ್ಷಿಣ ಭಾಗದಲ್ಲಿದ್ದ ದಾಸ್ ರೈಖ್ ಎಂಬ ಜರ್ಮನ್ ಎಸ್.ಎಸ್. ದಂಡು ಉತ್ತರಕ್ಕೆ ಹೊರಟಿತು. ದಾರಿಯಲ್ಲಿ ಫ್ರೆಂಚ್ ಗುಪ್ತಪಡೆಯವರು ಅದನ್ನು ತಡೆಯುತ್ತಾ ಇದ್ದದರಿಂದ, ಜನರಲ್ಲಿ ಭಯ ಹುಟ್ಟಿಸುವದೇ ಉಪಾಯವೆಂದು ಅದರ ನಾಯಕರು ಎಣಿಸಿದರು. ಜೂನ್ 9ರಲ್ಲಿ ತ್ಯೂಲ್ ಎಂಬ ಪಟ್ಟಣದಲ್ಲಿ 99 ಮಂದಿ ಗಂಡಸರನ್ನು ದೀಪಕಂಬಗಳಿಗೂ ಮನೆಗಳ ಕಟಾಂಜನಗಳಿಗೂ ನೇಣು ಹಾಕಿದರು. ಮಾರನೆ ದಿವಸ ಶನಿವಾರ ಮಧ್ಯಾಹ್ನ ಆ ದಂಡಿನ ಒಂದು ತುಕಡಿಯು ಒರಾದೂರನ್ನು ಸುತ್ತಿಕೊಂಡಿತು. ಗುರುತಿನ ಚೀಟಿಗಳನ್ನು ನೋಡಬೇಕಾಗಿದೆ ಎಂಬ ನೆವದಿಂದ ಎಲ್ಲರನ್ನೂ ಸಂತೆಯ ಬಯಲಿಗೆ ಕರೆತಂದರು. ಶಾಲೆಯ ಮಕ್ಕಳನ್ನು ಅವರ ಉಪಾಧ್ಯಾಯರ ಸಂಗಡ ಸಾಲಾಗಿ ನಡಿಸಿ ತಂದರು. ಲೊರೇನಿನ ಒಬ್ಬ ಹುಡುಗನು ಮಾತ್ರ, ಜರ್ಮನರು ಬಂದರೆ ಓಡಿಹೋಗು ಎಂದು ತಾಯಿತಂದೆಗಳು ಹೇಳಿದ ಮಾತನ್ನು ನೆನಸಿ, ಶಾಲೆಯ ಹಿಂಭಾಗದಿಂದ ಓಡಿ ಉಳಿದುಕೊಂಡನು. ಅವನಿಗೆ ಆಗ ಎಂಟು ವರುಷ ತುಂಬಿರಲಿಲ್ಲ.

ಆ ಮೇಲೆ ಗಂಡಸರನ್ನು ಆರು ಗುಂಪುಗಳಾಗಿ ಬೇರ್ಪಡಿಸಿ ಕಣಜಗಳಿಗೂ ಗಾಡಿಯ ಕೊಟ್ಟಿಗೆಗಳಿಗೂ ಒಯ್ದು ಗುಂಡಿಟ್ಟು, ಅವರ ಮೇಲೆ ಹುಲ್ಲು ಕಟ್ಟಿಗೆಗಳನ್ನು ಒಟ್ಟಿ ಬೆಂಕಿ ಹಚ್ಚಿದರು. ಕೆಲವರು ಇನ್ನೂ ಜೀವದಿಂದ ಇದ್ದರು. ಹೆಂಗಸರನ್ನೂ ಮಕ್ಕಳನ್ನೂ ದೇವಾಲಯದಲ್ಲಿ ತುಂಬಿ, ಉಸಿರುಗಟ್ಟಿಸುವ ಹೊಗೆಯ ಪೆಟ್ಟಿಗೆಯನ್ನು ಒಳಗಿಟ್ಟು, ತರುವಾಯ ಗುಂಡಿನಿಂದಲೂ ಕೈಬಾಂಬುಗಳಿಂದಲೂ ಬೆಂಕಿಯಿಂದಲೂ ಅವರನ್ನು ಸಂಹರಿಸಿದರು. ಬಲಿಪೀಠದ ಹಿಂದಿನ ಕಿಟಕಿಯಿಂದ ಹಾರಿ, ಮೈಯಲ್ಲಿ ಗುಂಡುಗಳನ್ನು ಹೊತ್ತುಕೊಂಡು, ಹತ್ತಿರದ ಕಾಯಿಪಲ್ಯದ ತೋಟದಲ್ಲಿ ಅಡಗಿ ಉಳಿದವಳು ಮಾರ್ಗರೀತ್ ರೂಫಾಂಶ್ ಎಂಬ ಒಬ್ಬ ಹೆಂಗಸು ಮಾತ್ರ. ಅವಳ ಗಂಡನೂ ಮಗನೂ ಇಬ್ಬರು ಹೆಣ್ಣುಮಕ್ಕಳೂ ಏಳು ತಿಂಗಳ ಮೊಮ್ಮಗನೂ ಆ ದಿವಸ ಸತ್ತರು. ಒಟ್ಟಿಗೆ ಸತ್ತವರು 642 ಮಂದಿ ಎಂದು ಬಹುಕಾಲ ಎಣಿಸಲಾಗುತ್ತಿತ್ತು. ಅವರಲ್ಲಿ 200ಕ್ಕೆ ಮೇಲ್ಪಟ್ಟು ಮಕ್ಕಳು. ಊರಿನ ಮನೆಗಳನ್ನೆಲ್ಲಾ ಸುಟ್ಟುಬಿಟ್ಟರು.

ಯುದ್ಧ ತೀರುವದಕ್ಕೆ ಮುಂಚೆ, 1945ನೇ ಮಾರ್ಚ್ ತಿಂಗಳಲ್ಲಿ, ಜನರಲ್ ದ ಗಾಲ್ ಅಲ್ಲಿಗೆ ಬಂದನು. ಸುಟ್ಟ ಊರನ್ನು ಇದ್ದ ಹಾಗೆಯೇ ಇಡಬೇಕು, ಉಳಿದವರಿಗೆ ಪಕ್ಕದಲ್ಲಿ ಹೊಸ ಊರನ್ನು ಕಟ್ಟಿಕೊಡಬೇಕು ಎಂದು ಸರಕಾರದವರು ನಿಶ್ಚಯಿಸಿದರು. 1946ರಲ್ಲಿ ಅದಕ್ಕೆ ಕಾಯಿದೆಯಾಯಿತು. ಹೀಗೆ ಸುಮಾರು 40 ಎಕರೆಯ ಒಂದು ಊರು 80 ವರುಷಗಳಿಂದ ಮಾಡು ಇಲ್ಲದೆ ನಿಂತಿದೆ. ಬಾಗಲಲ್ಲಿ ‘ನೆನಪಿಡು’ ಎಂಬ ಅರ್ಥದ ಹಲಗೆಯಿದೆ. ಒಳಗೆ ಹೋಗುವ ಪ್ರಯಾಣಿಕನು ಟ್ರಾಮಿನ ಕಂಬಿಗಳ ಪಕ್ಕದಲ್ಲಿ ನಡೆಯುತ್ತಾನೆ. ಮೇಲೆ ತಂತಿಗಳು ಇನ್ನೂ ಇವೆ, ಗಾಡಿ ಮಾತ್ರ ಬರುವದಿಲ್ಲ. ಗೋಡೆಗಳ ನಡುವೆ ತುಕ್ಕು ಹಿಡಿದ ಹೊಲಿಗೆಯಂತ್ರಗಳೂ ಮಂಚದ ಕಬ್ಬಿಣಗಳೂ ಪಾತ್ರೆಗಳೂ ಸೈಕಲುಗಳೂ ಬಿದ್ದಿವೆ. ರೊಟ್ಟಿಯ ಒಲೆ ಬಾಯಿ ತೆರೆದಿದೆ. ಸಂತೆಯ ಬಯಲಿನ ಹತ್ತಿರ ಒಂದು ಮೋಟಾರುಗಾಡಿಯ ಎಲುಬು ನಿಂತಿದೆ. ದೇವಾಲಯದಲ್ಲಿ ಗಂಟೆಯು ಬೆಂಕಿಗೆ ಕರಗಿ ನೆಲದಲ್ಲಿ ಮುದ್ದೆಯಾಗಿ ಬಿದ್ದಿದೆ. ಹೆಂಗಸರು ಕೈಗೂಸುಗಳನ್ನು ಕೂರಿಸಿ ತಳ್ಳುವ ಚಕ್ರದ ತೊಟ್ಟಿಲಿನ ತುಂಡುಗಳನ್ನೂ ಅಲ್ಲಿ ಇಟ್ಟಿದ್ದಾರೆ. ನೆಲದಡಿಯ ಒಂದು ಕೋಣೆಯಲ್ಲಿ ಬೂದಿಯಲ್ಲಿ ಸಿಕ್ಕಿದ ಗಡಿಯಾರಗಳೂ ಕನ್ನಡಕಗಳೂ ಇವೆ.

ಇದನ್ನು ನೋಡಲು ವರುಷಂಪ್ರತಿ ಲಕ್ಷಗಟ್ಟಲೆ ಜನರು ಬರುತ್ತಾರೆ. ಅವರೆಲ್ಲರೂ ಶೋಕದಿಂದ ಬರುತ್ತಾರೆಂದು ಯಾರೂ ಹೇಳಲಾರರು. ದಾರಿಯಲ್ಲಿ ಸಿಕ್ಕಿದ್ದರಿಂದ ಇಳಿದವರೂ, ಎಲ್ಲರೂ ನೋಡಿದ್ದಾರೆ ತಾವೂ ನೋಡಬೇಕೆಂಬವರೂ, ಭಯಾನಕವಾದದ್ದನ್ನು ನೋಡುವದರಲ್ಲಿ ಒಂದು ಬಗೆಯ ರುಚಿಯುಳ್ಳವರೂ ಅವರಲ್ಲಿ ಇರುವರು. ಹಾದಿಯಲ್ಲಿ ಬಂಡಿ ಮಗುಚಿದರೆ ಗುಂಪು ಕೂಡುವದನ್ನು ನಾವು ಕಾಣುತ್ತೇವಲ್ಲಾ! ಎತ್ತಲು ಕೈ ಕೊಡುವವರು ನಾಲ್ಕು ಮಂದಿ, ನೋಡುವವರು ನಾಲ್ವತ್ತು ಮಂದಿ. ಈ ಕಾರಣದಿಂದ ಇಂಥ ಸ್ಥಳಗಳಿಗೆ ಹೋಗುವದೇ ತಪ್ಪು, ಸತ್ತವರನ್ನು ಸಮಾಧಾನದಿಂದ ಬಿಡಬೇಕು ಎಂದು ಹೇಳುವವರಿದ್ದಾರೆ. ಅವರ ಮಾತಿನಲ್ಲಿ ಗೌರವವಿದೆ. ಆದಾಗ್ಯೂ ನಾನು ಅದನ್ನು ಒಪ್ಪಲಾರೆನು. ಯಾಕಂದರೆ, ಶುದ್ಧ ಮನಸ್ಸಿನಿಂದಲೇ ಹೋಗಬೇಕೆಂದರೆ ಸಾವಿನ ಮನೆಗೂ ನಾವು ಯಾರೂ ಹೋಗುವಂತಿಲ್ಲ. ನೆರೆಹೊರೆಯವರು ಏನನ್ನುವರೋ ಎಂದು ಹೋದವನು ಅಲ್ಲಿ ಹೆಣದ ಬಳಿ ಕೂತ ತಾಯಿಯನ್ನು ನೋಡಿ ನಿಜವಾಗಿ ಅಳುವದುಂಟು. ಹೊರಟಾಗ ಇದ್ದ ಮನಸ್ಸಿಗಿಂತ ಅಲ್ಲಿ ನಿಂತಾಗ ಬರುವ ಮನಸ್ಸೇ ಮುಖ್ಯವಾದದ್ದು. ಆದರೆ ಆ ಕರಗಿದ ಗಂಟೆಯ ಪಕ್ಕದಲ್ಲಿ ನಗುತ್ತಾ ನಿಂತು ತನ್ನ ಚಿತ್ರ ತೆಗೆಯಿಸಿಕೊಳ್ಳುವವನಿಗೆ ಏನು ಹೇಳೋಣ? ಅವನು ಬಾರದೆ ಇದ್ದಿದ್ದರೆ ಒಳ್ಳೇದಿತ್ತು.

ಇನ್ನೊಂದು ಕಠಿಣವಾದ ಪ್ರಶ್ನೆಯಿದೆ. ಹಾಳನ್ನು ಹಾಳಾಗಿಯೇ ಉಳಿಸುವದು ವಿಚಿತ್ರವಾದ ಕೆಲಸ. ಮಾಡಿಲ್ಲದ ಗೋಡೆಯು ಮಳೆಗೂ ಹಿಮಕ್ಕೂ ಕುಸಿಯುತ್ತದೆ. ಅದು ಕುಸಿಯದಂತೆ ನೆತ್ತಿಗೆ ಗಾರೆ ಹಾಕಬೇಕು, ಬೇರು ಬಿಟ್ಟ ಗಿಡಗಳನ್ನು ಕೀಳಬೇಕು, ಕಬ್ಬಿಣವು ಪೂರಾ ತುಕ್ಕಾಗಿ ಉದುರದಂತೆ ಔಷಧ ಹಚ್ಚಬೇಕು. ಬೇರೆ ಊರುಗಳಲ್ಲಿ ಮೇಸ್ತ್ರಿಯು ಮುರಿದದ್ದನ್ನು ನೆಟ್ಟಗೆ ಮಾಡಲು ಕೂಲಿ ಪಡೆಯುತ್ತಾನೆ. ಇಲ್ಲಿಯ ಮೇಸ್ತ್ರಿಯು ಮುರಿದದ್ದು ಮುರಿದ ಹಾಗೆಯೇ ನಿಲ್ಲುವಂತೆ ಮಾಡಲು ಕೂಲಿ ಪಡೆಯುತ್ತಾನೆ. ಇದಕ್ಕಾಗಿ ಆಗುವ ವೆಚ್ಚ ಬಹಳ. ಆ ಹಣದಿಂದ ಜೀವದಿಂದಿರುವವರಿಗೆ ಮನೆ ಕಟ್ಟಬಾರದೋ ಎಂದು ಒಬ್ಬ ಬಡವನು ಕೇಳಿದರೆ ಅವನನ್ನು ಗದರಿಸುವ ಹಾಗಿಲ್ಲ. ಯೊರ್ದಾನ್ ಹೊಳೆಯನ್ನು ದಾಟಿದವರು ಹನ್ನೆರಡು ಕಲ್ಲುಗಳನ್ನು ನಿಲ್ಲಿಸಿದ ವೃತ್ತಾಂತವನ್ನು ಬಲ್ಲಿರಿ. ಮಕ್ಕಳು ಮುಂದೆ ಒಂದು ದಿನ ಕೇಳಲಿ ಎಂಬದಕ್ಕಾಗಿಯೇ ಆ ಕಲ್ಲುಗಳು. ಒರಾದೂರಿನ ಗೋಡೆಗಳೂ ಅದಕ್ಕಾಗಿ ನಿಂತಿವೆ. ಪುಸ್ತಕವನ್ನು ತೆರೆಯದೆ ಇರಬಹುದು, ಸಾಕ್ಷಿ ಹೇಳುವವರು ಸಾಯುವರು, ಸುಳ್ಳು ಹೇಳುವವರು ಎದ್ದು ಅಂಥದು ನಡೆಯಲೇ ಇಲ್ಲವೆನ್ನುವರು. ಕಲ್ಲು ಮಾತ್ರ ಹಾದಿಗೆ ಅಡ್ಡವಾಗಿ ನಿಂತಿರುತ್ತದೆ. 2020ರಲ್ಲಿ ಯಾರೋ ಒಬ್ಬರು ಆ ಊರಿನ ಸ್ಮಾರಕಭವನದ ಗೋಡೆಯ ಮೇಲೆ ‘ಸುಳ್ಳುಗಾರ’ ಎಂದು ಬಣ್ಣದಿಂದ ಬರೆದು ಹೋದದ್ದನ್ನು ಯೋಚಿಸಿದರೆ ವೆಚ್ಚವು ವ್ಯರ್ಥವಲ್ಲವೆಂದು ಕಾಣುತ್ತದೆ.

ಆದರೆ ನೆನಪಿಗೂ ಒಂದು ಮಿತಿ ಬೇಕು. ಪಕ್ಕದಲ್ಲಿ ಕಟ್ಟಿದ ಹೊಸ ಊರಿನಲ್ಲಿ ಹಲವು ವರುಷಗಳ ತನಕ ಕುಣಿತವಾಗಲಿ ಸಂಭ್ರಮವಾಗಲಿ ಇರಲಿಲ್ಲ. ಹೆಂಗಸರು ಕಪ್ಪು ಬಟ್ಟೆಯನ್ನು ಬಿಡಲಿಲ್ಲ. ಕೊಲೆಯಾದ ಮೇಲೆ ಹುಟ್ಟಿದ ಮಕ್ಕಳು, ತಾವು ನೋಡದ ಅಣ್ಣ ಅಕ್ಕಂದಿರ ನೆರಳಿನಲ್ಲಿ, ಆಟದ ಸದ್ದು ಸಹ ತಗ್ಗಿಸಿ ಬೆಳೆದರು. ಆ ತಾಯಂದಿರನ್ನು ದೂರಲು ನನ್ನ ನಾಲಿಗೆ ಏಳುವದಿಲ್ಲ. ಆದರೂ ಸತ್ತ ಮಗುವಿಗೆ ಸಲ್ಲತಕ್ಕ ಗೌರವವನ್ನು ಬದುಕಿರುವ ಮಗುವಿನ ನಗುವಿನಿಂದ ತೆಗೆದು ಕೊಡಬೇಕಾಗಿಲ್ಲ. ಈ ಭಾರವನ್ನು ಒಂದೇ ಊರಿನವರು ಹೊರುವದು ಹೆಚ್ಚಾಯಿತು. ದೂರದಿಂದ ಬರುವ ಪ್ರಯಾಣಿಕನು ಪ್ರಯೋಜನವುಳ್ಳವನಾದರೆ ಇದರಲ್ಲಿಯೇ ಆಗಬಹುದು, ಅಂದರೆ, ನೆನಪಿನ ಒಂದು ಪಾಲನ್ನು ಹೊತ್ತುಕೊಂಡು ತನ್ನ ಊರಿಗೆ ಹೋಗುವದರಲ್ಲಿ.

ಈಗ ಅತಿ ಮುಖ್ಯವಾದ ಸಂಗತಿಗೆ ಬರುತ್ತೇನೆ. ಇಂಥ ಸ್ಥಳದಲ್ಲಿ ನಿಂತ ಪ್ರತಿಯೊಬ್ಬನೂ ತನ್ನನ್ನು ಸತ್ತವರ ಪಕ್ಷದಲ್ಲಿ ಎಣಿಸಿಕೊಳ್ಳುತ್ತಾನೆ. ದೇವಾಲಯದೊಳಗೆ ನಿಂತು, ಇಲ್ಲಿ ನನ್ನ ಹೆಂಡತಿ ಮಕ್ಕಳಿದ್ದಿದ್ದರೆ ಎಂದು ನೆನಸಿ ನಡುಗುತ್ತಾನೆ. ಅದು ಸಹಜ, ಒಳ್ಳೇದೂ ಹೌದು. ಆದರೆ ಆ ದಿವಸ ದೇವಾಲಯದ ಹೊರಗೆ ಹುಲ್ಲಿನ ಹೊರೆಯನ್ನು ಹೊತ್ತು ನಿಂತವರೂ ಮನುಷ್ಯರಾಗಿದ್ದರು. ಅವರು ಯಾರು? 1953ರಲ್ಲಿ ಬೊರ್ದೋ ಪಟ್ಟಣದ ಸೈನಿಕ ನ್ಯಾಯಸ್ಥಾನದ ಮುಂದೆ ಆ ತುಕಡಿಯ 21 ಮಂದಿಯನ್ನು ನಿಲ್ಲಿಸಿದರು. ಅವರಲ್ಲಿ ಏಳು ಮಂದಿ ಜರ್ಮನರು; ಹದಿನಾಲ್ಕು ಮಂದಿ ಅಲ್ಸಾಸ್ ಸೀಮೆಯವರು, ಅಂದರೆ, ಫ್ರಾನ್ಸಿನವರೇ! ಜರ್ಮನಿಯು 1940ರಲ್ಲಿ ಅಲ್ಸಾಸನ್ನು ತನ್ನ ರಾಜ್ಯಕ್ಕೆ ಸೇರಿಸಿಕೊಂಡು, 1942ರಿಂದ ಅಲ್ಲಿಯ ಹುಡುಗರನ್ನು ಬಲಾತ್ಕಾರದಿಂದ ದಂಡಿಗೆ ಹಿಡಿಯಿತು. ತಪ್ಪಿಸಿಕೊಂಡವನ ತಾಯಿತಂದೆಗಳನ್ನು ಗಡೀಪಾರು ಮಾಡುತ್ತಿದ್ದರು. ಆ ಹದಿನಾಲ್ಕು ಮಂದಿಯಲ್ಲಿ ಒಬ್ಬನು ತಾನಾಗಿಯೇ ಸೇರಿದವನು. ಹದಿಮೂರು ಮಂದಿ ಹಿಡಿದು ಸೇರಿಸಲ್ಪಟ್ಟವರು. ಅವರಲ್ಲಿ ಕೆಲವರಿಗೆ ಆಗ ಹದಿನೆಂಟು ವರುಷದ ಆಸುಪಾಸು. ಅಪ್ಪಣೆಯಾಯಿತು, ಮಾಡಿದೆವು ಎಂಬದೇ ಅವರ ಉತ್ತರ.

ವಾಚಕರೇ, ಇಲ್ಲಿ ಸ್ವಲ್ಪ ನಿಲ್ಲಬೇಕು. ಆ ಹುಡುಗನು ರಾಕ್ಷಸನಾಗಿ ಹುಟ್ಟಿದವನಲ್ಲ. ಹಳ್ಳಿಯಲ್ಲಿ ಹಸು ಮೇಯಿಸಿದವನು, ಹುಲ್ಲಿನ ಹೊರೆ ಕಟ್ಟುವದನ್ನು ತಂದೆಯಿಂದ ಕಲಿತವನು ಇರಬಹುದು. ಅವನ ಮುಂದೆ ಎರಡು ದಾರಿಗಳಿದ್ದವು: ಹೊರೆಯನ್ನು ಹೊರುವದು, ಇಲ್ಲವೆ ಕೆಳಗಿಟ್ಟು ಸಾಯುವದು, ಅವನ ಮನೆಯವರಿಗೂ ಕೇಡು ಬರಬಹುದಾಗಿತ್ತು. ಇದರಿಂದ ಅವನು ನಿರ್ದೋಷಿಯೆಂದು ನಾನು ಹೇಳುವದಿಲ್ಲ. ಬಾಗಲ ಹಿಂದೆ ಕೂಸುಗಳ ಕೂಗು ಕೇಳುತ್ತಿರುವಾಗ ಬೆಂಕಿ ಹಚ್ಚುವವನಿಗೆ ಯಾವ ಅಪ್ಪಣೆಯೂ ಮರೆಯಾಗಲಾರದು. ಆದರೆ ನಾನು ಹದಿನೆಂಟು ವರುಷದವನಾಗಿ ಅಲ್ಲಿ ನಿಂತಿದ್ದರೆ ಹೊರೆಯನ್ನು ಕೆಳಗಿಡುತ್ತಿದ್ದೆನೋ? ಪ್ರಯಾಣಿಕನು ಆ ಹಾಳೂರಿನಲ್ಲಿ ತನ್ನನ್ನು ಕೇಳಿಕೊಳ್ಳತಕ್ಕ ಪ್ರಶ್ನೆ ಇದೇ. ಬಹುಮಂದಿ ಕೇಳಿಕೊಳ್ಳದೆ ಹೊರಗೆ ಬರುವದೂ ಇದನ್ನೇ. ಹೊರೆಯನ್ನು ಕೆಳಗಿಡುವ ಶಕ್ತಿ ಕಡೇ ಘಳಿಗೆಯಲ್ಲಿ ಆಕಾಶದಿಂದ ಬೀಳುವದಿಲ್ಲ. ಮೊದಲನೆಯ ಸಾರಿ ನೆರೆಯವನನ್ನು ಹೀನಜಾತಿಯವನೆಂದು ಹಾಸ್ಯಮಾಡಿದಾಗ ನಗದೆ ಇದ್ದವನಿಗೆ, ಎಲ್ಲರೂ ಕಲ್ಲು ಹೆಕ್ಕಿದಾಗ ಕೈ ಕಟ್ಟಿ ನಿಂತವನಿಗೆ, ಅದು ಚೂರು ಚೂರಾಗಿ ಬರುತ್ತದೆ. ಜರ್ಮನಿಯಲ್ಲಿಯೂ ಕೆಲಸವು ದೇವಾಲಯಕ್ಕೆ ಬೆಂಕಿಯಿಡುವದರಿಂದ ಪ್ರಾರಂಭವಾಗಲಿಲ್ಲ. 1933ರಲ್ಲಿ ಯೆಹೂದ್ಯರ ಅಂಗಡಿಯಲ್ಲಿ ಯಾರೂ ಸಾಮಾನು ಕೊಳ್ಳಬಾರದೆಂಬ ಮಾತಿನಿಂದ ಪ್ರಾರಂಭವಾಯಿತು. ಆಗ ಸುಮ್ಮನಿದ್ದವರಲ್ಲಿ ಪ್ರತಿ ಆದಿತ್ಯವಾರ ದೇವಾಲಯಕ್ಕೆ ಹೋಗುತ್ತಿದ್ದವರು ಬಹಳ ಮಂದಿಯಿದ್ದರು. ಇದನ್ನು ಬರೆಯುವದು ಸುಖಕರವಲ್ಲ.

ಬೊರ್ದೋ ನ್ಯಾಯಸ್ಥಾನವು 1953ನೇ ಫೆಬ್ರವರಿಯಲ್ಲಿ ತಾನಾಗಿ ಸೇರಿದ ಅಲ್ಸಾಸಿನವನಿಗೂ ಒಬ್ಬ ಜರ್ಮನನಿಗೂ ಮರಣದಂಡನೆಯನ್ನು ವಿಧಿಸಿತು. ಆ ಶಿಕ್ಷೆ ತರುವಾಯ ಮಾರ್ಪಟ್ಟಿತು. ಬಲಾತ್ಕಾರದಿಂದ ಸೇರಿದ ಹದಿಮೂರು ಮಂದಿಗೆ ಕೆಲವು ವರುಷಗಳ ಶಿಕ್ಷೆ. ಕೂಡಲೆ ಅಲ್ಸಾಸಿನಲ್ಲಿ ದೊಡ್ಡ ಗದ್ದಲವಾಯಿತು: ನಮ್ಮ ಮಕ್ಕಳು ತಾವೂ ಪೀಡಿತರು, ಅವರನ್ನು ಕೊಲೆಗಾರರೆನ್ನಬಹುದೋ ಎಂದು. ವಾರ ಕಳೆಯುವದರೊಳಗೆ ಫ್ರಾನ್ಸಿನ ಶಾಸನಸಭೆಯು, 319 ಮಂದಿ ಸಮ್ಮತಿಸಿ 211 ಮಂದಿ ವಿರೋಧಿಸಿ, ಆ ಹದಿಮೂರು ಮಂದಿಗೆ ಕ್ಷಮಾದಾನ ಮಾಡಿತು. ಒರಾದೂರಿನವರು ಸರಕಾರದವರು ಕೊಟ್ಟ ಬಿರುದಿನ ಪದಕಗಳನ್ನು ಹಿಂದಕ್ಕೆ ಕೊಟ್ಟರು. ಸರಕಾರದವರು ಕಟ್ಟಿಸಿದ ಸಮಾಧಿಮಂದಿರದಲ್ಲಿ ತಮ್ಮವರ ಬೂದಿಯನ್ನು ಇಡಲೊಲ್ಲದೆ ಹೋದರು. ಕ್ಷಮಾದಾನಕ್ಕೆ ಸಮ್ಮತಿಸಿದವರ ಹೆಸರುಗಳನ್ನು ಹಲಗೆಗಳಲ್ಲಿ ಬರೆದು ಹಾಳೂರಿನ ಬಾಗಲಲ್ಲಿಯೇ ನಿಲ್ಲಿಸಿದರು. ಹೀಗೆ ಕೆಲವು ವರುಷಗಳ ವರೆಗೆ, ನೋಡಲು ಬಂದವನು ಕೊಂದವರ ಹೆಸರಿಗೆ ಮುಂಚೆ ಮನ್ನಿಸಿದವರ ಹೆಸರನ್ನು ಓದಬೇಕಾಗುತ್ತಿತ್ತು.

ನಮ್ಮಲ್ಲಿ ಕೆಲವರು ತಟ್ಟನೆ, ಕ್ಷಮಿಸುವದು ನಮ್ಮ ಧರ್ಮವಲ್ಲವೋ, ಆ ಊರಿನವರು ಕಠಿಣಹೃದಯದವರು ಎಂದಾರು. ನೆರೆಯವನ ಬೆಳೆಯಲ್ಲಿ ದನ ನುಗ್ಗಿಸಿದವನನ್ನು ನಾನು ಹಾದಿಯಲ್ಲಿ ಕಂಡು, ‘ಹೋಗಲಿ ತಮ್ಮಾ, ನಿನ್ನನ್ನು ಮನ್ನಿಸಿದ್ದೇನೆ’ ಎಂದರೆ ಹೊಲದವನು ಏನು ಹೇಳುವನು? ‘ಬೆಳೆ ನನ್ನದು, ಮನ್ನಿಸಲಿಕ್ಕೆ ನೀನು ಯಾರು?’ ಎಂದು ಕೇಳುವನು, ಕೇಳುವದು ನ್ಯಾಯ. ಶಾಸನಸಭೆಯು ದೇಶದ ಒಗ್ಗಟ್ಟಿಗೋಸ್ಕರ ಶಿಕ್ಷೆಯನ್ನು ತೆಗೆದುಹಾಕಬಹುದು. ಅದು ರಾಜ್ಯದ ಕೆಲಸ, ಅದಕ್ಕೆ ಕಾರಣಗಳೂ ಇದ್ದವು. ಆದರೆ ಅದನ್ನು ಕ್ಷಮೆಯೆಂದು ಕರೆಯಬಾರದು. ಪ್ರಯಾಣಿಕನಿಗಾದರೋ ಅಷ್ಟು ಸಹ ಅಧಿಕಾರವಿಲ್ಲ. ಆ ಊರಿನ ಪರವಾಗಿ ಜರ್ಮನರನ್ನು ದ್ವೇಷಿಸುವದಕ್ಕೂ ಅವನು ಹಕ್ಕುದಾರನಲ್ಲ. ಆ ಊರಿನ ಪರವಾಗಿ ಅವರನ್ನು ಮನ್ನಿಸುವದಕ್ಕೂ ಹಕ್ಕುದಾರನಲ್ಲ. ಎರಡೂ ಅವನಿಗೆ ಪುಕ್ಕಟೆಯಾಗಿ ಸಿಕ್ಕುವಂಥವುಗಳು, ಆದದರಿಂದಲೇ ಎರಡರ ವಿಷಯದಲ್ಲಿಯೂ ಜಾಗ್ರತೆ ಬೇಕು.

ಹಕ್ಕುದಾರನಾದ ಒಬ್ಬನ ಸಂಗತಿಯನ್ನು ಹೇಳುತ್ತೇನೆ. ರೊಬೇರ್ ಎಬ್ರಾ ಎಂಬವನು ಆಗ ಹದಿನೆಂಟು ವರುಷದವನು, ಅಂದರೆ, ಆ ಸಿಪಾಯಿಗಳಲ್ಲಿ ಕೆಲವರ ಪ್ರಾಯದವನೇ. ಕಣಜದಲ್ಲಿ ಗುಂಡು ಬಿದ್ದಾಗ ಹೆಣಗಳ ಕೆಳಗೆ ಬಿದ್ದು, ಬೆಂಕಿ ತಾಗುವ ತನಕ ಅಲ್ಲಾಡದೆ ಇದ್ದು, ಇನ್ನು ನಾಲ್ವರ ಸಂಗಡ ತಪ್ಪಿಸಿಕೊಂಡನು. ಅವನ ತಾಯಿಯೂ ಇಬ್ಬರು ಸಹೋದರಿಯರೂ ದೇವಾಲಯದಲ್ಲಿ ಸತ್ತರು. ಜರ್ಮನರ ಮೇಲೆ ಅವನಿಗೆ ಮೊದಲು ದ್ವೇಷವೇ ಇತ್ತು. ಅವನು ವರುಷಗಟ್ಟಲೆ ಶಾಲೆಯ ಮಕ್ಕಳನ್ನು ಆ ಹಾಳುಗೋಡೆಗಳ ನಡುವೆ ಕರೆದುಕೊಂಡು ಹೋಗಿ ತಾನು ಕಂಡದ್ದನ್ನು ಹೇಳುತ್ತಾ ಬಂದನು. ಜರ್ಮನಿಯ ಮಕ್ಕಳಿಗೂ ಹೇಳಿದನು. 2013ನೇ ಸೆಪ್ಟೆಂಬರ್ 4ನೇ ತಾರೀಖು ಜರ್ಮನಿಯ ಅಧ್ಯಕ್ಷನಾಗಿದ್ದ ಯೊವಾಖಿಮ್ ಗೌಕನು ಆ ಊರಿಗೆ ಬಂದನು. ಆ ಪದವಿಯವರು ಅಲ್ಲಿಗೆ ಬಂದದ್ದು ಅದೇ ಮೊದಲು. ಗೌಕನು ಮೊದಲು ಲೂಥರನ್ ಸಭೆಯ ಪಾದ್ರಿಯಾಗಿದ್ದವನು. ಫ್ರಾನ್ಸಿನ ಅಧ್ಯಕ್ಷನಾಗಿದ್ದ ಒಲಾಂದನೂ ಗೌಕನೂ ಎಬ್ರಾನೂ ಸುಟ್ಟ ದೇವಾಲಯದಲ್ಲಿ ಒಬ್ಬರ ಕೈಯನ್ನೊಬ್ಬರು ಹಿಡಿದು ನಿಂತರು. ಅದಕ್ಕೆ 69 ವರುಷಗಳು ಹಿಡಿದವು. ಎಬ್ರಾನು ಯಾವ ಸಂಗತಿಯನ್ನೂ ಮರೆತಿರಲಿಲ್ಲ, ಯಾವದನ್ನೂ ಕಡಿಮೆ ಮಾಡಿ ಹೇಳಿದವನೂ ಅಲ್ಲ. ಆದರೂ ಕೈ ಕೊಟ್ಟನು. ಮರೆತರೆ ಮಾತ್ರ ಮನ್ನಿಸಬಹುದು ಎನ್ನುವವರು ಈ ಮನುಷ್ಯನನ್ನು ಕುರಿತು ಯೋಚಿಸಲಿ. ಅವನು 2023ನೇ ಫೆಬ್ರವರಿಯಲ್ಲಿ 97 ವರುಷದವನಾಗಿ ತೀರಿಕೊಂಡನು. ಕೊಲ್ಲುವ ಕೈಯಿಂದ ತಪ್ಪಿಸಿಕೊಂಡ ಆ ಕೆಲವರಲ್ಲಿ ಅವನೇ ಕೊನೆಯವನು. ಈಗ ಅಲ್ಲಿ ಬರುವವರಿಗೆ, ನಾನು ಕಂಡೆನು ಎಂದು ಹೇಳುವವರು ಇಲ್ಲ.

ಸತ್ತವರು 642 ಮಂದಿ ಎಂದು ಬಹುಕಾಲ ಎಣಿಸಲಾಗುತ್ತಿತ್ತು ಎಂದೆನಷ್ಟೆ. ಕೊಲೆಯಾಗಿ ಸುಮಾರು 75 ವರುಷಗಳ ತರುವಾಯ, ಸ್ಪೇನ್ ದೇಶದ ಒಬ್ಬ ಚರಿತ್ರಕಾರನು ಹಳೇ ಕಾಗದಗಳನ್ನು ಶೋಧಿಸುವಾಗ, ಯಾರೂ ಎಣಿಸದೆ ಬಿಟ್ಟಿದ್ದ ಒಬ್ಬ ಹೆಂಗಸಿನ ಹೆಸರು ಅವನಿಗೆ ಸಿಕ್ಕಿತು. ತನ್ನ ದೇಶದ ಯುದ್ಧದಿಂದ ಓಡಿಬಂದು ಆ ಊರಿನಲ್ಲಿ ನೆಲೆಸಿದ್ದವಳು. ಪರದೇಶದವಳಾದದರಿಂದ, ಅವಳ ಮನೆಯವರೂ ಅವಳ ಸಂಗಡಲೇ ಸತ್ತದರಿಂದ, ಅವಳು ಇಲ್ಲವೆಂದು ಹೇಳಲಿಕ್ಕೆ ಯಾರೂ ಉಳಿದಿರಲಿಲ್ಲ. ಈಗ ಸತ್ತವರ ಪಟ್ಟಿಯಲ್ಲಿ ಅವಳ ಹೆಸರನ್ನೂ ಸೇರಿಸಿದ್ದಾರೆ. ಎಣಿಕೆ 643 ಆಗಿದೆ.